ಅಭಿಜ್ಞಾನವಿಲ್ಲದ ಶೋಕ

ಶೋಕಕಾವ್ಯದಲ್ಲಿ ಕುರುಹಿಗೆ ಎಂಥ ಸ್ಥಾನವಿದೆಯೆಂಬುದನ್ನು ಭಾರತೀಯ ಲಾಕ್ಷಣಿಕರು ಚೆನ್ನಾಗಿ ಬಲ್ಲವರಾಗಿದ್ದರು. ಅಗಲಿದ ಜೀವ ಕರುಣರಸಕ್ಕೆ ಆಲಂಬನ. ಆ ಜೀವ ಬಿಟ್ಟುಹೋದ ಒಡವೆ, ಉಡುಗೆ, ಓಡಾಡಿದ ನೆಲ ಇವು ಉದ್ದೀಪನ. ಚೂಡಾಮಣಿ ರಾಮನ ಕೈಗೆ ಬಂದಾಗ, ಉಂಗುರ ದುಷ್ಯಂತನಿಗೆ ಮರಳಿ ದೊರೆತಾಗ, ಮಾತು ಹೊರಡುವುದಕ್ಕೆ ಮೊದಲೇ ವಸ್ತು ತನ್ನ ಕೆಲಸವನ್ನು ಮುಗಿಸಿರುತ್ತದೆ. ಕವಿಗೆ ಇದರಿಂದ ದೊಡ್ಡ ಅನುಕೂಲ. ಅಂಗೈಯಲ್ಲಿ ಅಡಗುವ ಒಂದು ಪದಾರ್ಥದ ಮೇಲೆ ಬೆಟ್ಟದಷ್ಟು ದುಃಖವನ್ನು ಇಳಿಸಿ ಅವನು ನಿಶ್ಚಿಂತನಾಗಬಹುದು. ಆದರೆ ಅಂಥ ಅಭಿಜ್ಞಾನ ಯಾವುದೂ ಉಳಿಯದ ಕಡೆಯಲ್ಲಿ ಏನು ಗತಿ? ಅಗಲಿದ್ದು ಮನುಷ್ಯನಲ್ಲ, ಒಂದು ಕುದುರೆ. ಅದಕ್ಕೆ ಗೋರಿಯಿಲ್ಲ, ಒಂದು ಲಾಳವಾಗಲಿ, ಒಂದು ಹಿಡಿ ಬಾಲದ ಕೂದಲಾಗಲಿ ಕೈಗೆ ಉಳಿದಿಲ್ಲ. ಸವಾರನ ತೊಡೆಗಳಿಗೆ, ಬೆರಳುಗಳಿಗೆ ಮಾತ್ರ ಅದರ ನೆನಪಿದೆ. ಇಂಥ ಶೋಕ ಯಾವುದನ್ನು ಹಿಡಿದು ನಿಲ್ಲುತ್ತದೆ, ಹಿಡಿಯಲು ಏನೂ ಸಿಗದಾಗ ಯಾರ ಮೇಲೆ ಎರಗುತ್ತದೆ ಎಂಬುದು ವಿಮರ್ಶೆಗೆ ಯೋಗ್ಯವಾದ ಪ್ರಶ್ನೆ.

ಇದು ಕಲ್ಪಿಸಿಕೊಂಡ ಸಂದರ್ಭವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರೇಲಿಯದಿಂದ ಹಡಗುಗಳ ಮೇಲೆ ಹೊರದೇಶಗಳಿಗೆ ಹೋದ ಕುದುರೆಗಳು ಸುಮಾರು ೧,೩೬,೦೦೦. ಅವುಗಳಿಗೆ ವೇಲರ್ ಎಂದು ಹೆಸರು. ನ್ಯೂ ಸೌತ್ ವೇಲ್ಸ್ ಪ್ರಾಂತದ ಹೆಸರಿನಿಂದ ಬಂದ ಮಾತು. ಬಿಸಿಲನ್ನೂ ಬಾಯಾರಿಕೆಯನ್ನೂ ತಡೆಯುವ ತಳಿಯೆಂದು ಅವಕ್ಕೆ ಖ್ಯಾತಿಯಿತ್ತು. ೧೯೧೭ರ ಅಕ್ಟೋಬರ್ ೩೧ರಂದು ಬೀರ್‌ಷೆಬದ ಬಾವಿಗಳನ್ನು ಸಂಜೆಯೊಳಗೆ ಹಿಡಿಯಲೇಬೇಕೆಂದು ಕಂದಕಗಳ ಮೇಲಿಂದ ನುಗ್ಗಿದ ಲೈಟ್ ಹಾರ್ಸ್ ದಳದವರು ಏರಿದ್ದು ಇಂಥ ಕುದುರೆಗಳನ್ನು. ಸಿನಾಯ್ ಮರಳಿನಿಂದ ಡಮಾಸ್ಕಸ್ಸಿನವರೆಗೆ ಒಬ್ಬ ಸವಾರ ಒಂದೇ ಕುದುರೆಯ ಜೊತೆ ಉಂಡು, ಮಲಗಿ, ಅದರ ಕೊರಳಿನ ನೆರಳಿನಲ್ಲಿ ಮಧ್ಯಾಹ್ನಗಳನ್ನು ಕಳೆದದ್ದುಂಟು. ಯುದ್ಧ ಮುಗಿಯಿತು, ಮನುಷ್ಯರಿಗೆ ಹಡಗು ಬಂತು, ಕುದುರೆಗಳಿಗೆ ಬರಲಿಲ್ಲ. ರೋಗಗಳು ಹರಡಬಹುದೆಂಬ ದಿಗ್ಬಂಧನದ ನಿಯಮ ಒಂದು ಕಡೆ, ಸಾಗಿಸುವ ವೆಚ್ಚ ಇನ್ನೊಂದು ಕಡೆ. ಹೋದವುಗಳಲ್ಲಿ ತಾಯ್ನೆಲಕ್ಕೆ ಹಿಂತಿರುಗಿದ್ದೆಂದು ತಿಳಿದಿರುವುದು ಒಂದೇ ಒಂದು.

ಈ ಅಗಲಿಕೆಯನ್ನು ಹಾಡಿದ ಪದ್ಯಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಆಲಿವರ್ ಹೋಗ್ ಬರೆದ ‘ದ ಹಾರ್ಸಸ್ ಸ್ಟೇ ಬಿಹೈಂಡ್’. ಹೋಗ್ ಸಿಡ್ನಿಯ ಪತ್ರಕರ್ತ. ಸೈನ್ಯ ಸೇರಿ ಟ್ರೂಪರ್ ಬ್ಲೂಗಮ್ ಎಂಬ ಅಂಕಿತದಿಂದ ಬರೆದವನು. ಗಲಿಪೊಲಿಯನ್ನೂ ಪ್ಯಾಲೆಸ್ಟೈನನ್ನೂ ಕಂಡು ಬದುಕಿ ಉಳಿದ ಅವನು ೧೯೧೯ರ ಮಾರ್ಚಿಯಲ್ಲಿ ಲಂಡನಿನಲ್ಲಿ ಇನ್‌ಫ್ಲುಯೆಂಜಾ ಬೇನೆಗೆ ತುತ್ತಾದನು. ಕುದುರೆಯನ್ನು ಬಿಟ್ಟು ಊರಿಗೆ ಹೋಗುವುದು ಹೇಗೆಂದು ಕೇಳಿದ ಕವಿ ತಾನೂ ಊರಿಗೆ ಹೋಗಲಿಲ್ಲ.

ಪದ್ಯದ ಮೈಕಟ್ಟು ಸರಳ. ಬಿಡಾರದ ಬೆಂಕಿಯ ಸುತ್ತ ಕುಳಿತು ಹಾಡಬಹುದಾದ ಲಾವಣಿಯ ಧಾಟಿ. ಊರಿಗೆ ಮರಳುವ ದಿನದ ಚಿತ್ರದಿಂದ ಅದು ಮೊದಲಾಗುತ್ತದೆ. ಬೆಟ್ಟದ ಸಾಲು, ಮಳೆ ನಿಂತ ಮೇಲೆ ಹಕ್ಕಿಗಳ ಕೂಗು, ಹುಲ್ಲುಗಾವಲಿನಲ್ಲಿ ಸವಾರಿ, ಎಲ್ಲವೂ ಮೊದಲಿನಂತೆಯೇ ಇರುವುವು. ಏರಿದ ಕುದುರೆ ಮಾತ್ರ ಬೇರೆಯದು. ಸಾಮಾನ್ಯ ಕವಿ ಶೂನ್ಯವಾದ ಲಾಯವನ್ನು ತೋರಿಸಿ ಕಣ್ಣೀರು ತರಿಸುತ್ತಿದ್ದನು. ಹೋಗ್ ಲಾಯವನ್ನು ತುಂಬಿಯೇ ಇಡುತ್ತಾನೆ. ಸವಾರಿ ನಿಲ್ಲುವುದಿಲ್ಲ, ಜೀನು ಬರಿದಾಗುವುದಿಲ್ಲ; ಇನ್ನೊಂದು ಕುದುರೆಯ ಬೆನ್ನಿನ ಮೇಲೆ ಕುಳಿತಾಗಲೇ ಹೋದದ್ದರ ನಡಿಗೆ ಮೈಗೆ ನೆನಪಾಗಬೇಕು. ಕುದುರೆಯ ವಿಯೋಗಕ್ಕೆ ಇದಕ್ಕಿಂತ ಉಚಿತವಾದ ಉದ್ದೀಪನ ಇರಲಾರದು. ನಾಲ್ಕು ವರ್ಷ ಮಲಗುವಾಗ ಏಳುವಾಗ ಜೊತೆಗಿದ್ದ ಪ್ರಾಣಿಯ ನೆನಪು ವಸ್ತುವಿನಲ್ಲಿರುವುದಕ್ಕಿಂತ ಹೆಚ್ಚಾಗಿ ಅಭ್ಯಾಸದಲ್ಲಿರುತ್ತದೆ. ಲಗಾಮನ್ನು ಎಷ್ಟು ಎಳೆಯಬೇಕೆಂಬ ಅಳತೆಯನ್ನು ಕೈ ಮರೆಯುವುದಕ್ಕೆ ಬಹಳ ಕಾಲ ಬೇಕು.

ಲೌಕಿಕವಾದ ಕುರುಹು ದೊರೆಯದಂತೆ ಆದದ್ದಕ್ಕೂ ಒಂದು ಕಾರಣವುಂಟು. ಮುಪ್ಪಿನಿಂದಲೋ ನಿತ್ರಾಣದಿಂದಲೋ ಕೊಲ್ಲಬೇಕೆಂದು ತೀರ್ಮಾನವಾದ ಕುದುರೆಗಳ ಲಾಳಗಳನ್ನು ಕಿತ್ತು, ಕೇಸರವನ್ನೂ ಬಾಲವನ್ನೂ ಕತ್ತರಿಸಿ, ಆಮೇಲೆ ಗುಂಡು ಹಾರಿಸುವ ಪದ್ಧತಿಯಿತ್ತು. ಕಬ್ಬಿಣಕ್ಕೂ ಕೂದಲಿಗೂ ಪೇಟೆಯಲ್ಲಿ ಬೆಲೆ ಬರುತ್ತಿತ್ತು. ಯಾವ ಎರಡು ವಸ್ತುಗಳನ್ನು ಸವಾರ ಜೋಳಿಗೆಯಲ್ಲಿಟ್ಟು ಒಯ್ಯಲು ಬಯಸುತ್ತಿದ್ದನೋ ಆ ಎರಡೇ ಲೆಕ್ಕದ ಪುಸ್ತಕಕ್ಕೆ ಸೇರಿದುವು.

ಪದ್ಯದ ಹೃದಯವಿರುವುದು ಅದರಲ್ಲಿ ಬರುವ ಒಂದು ಸುಳ್ಳಿನಲ್ಲಿ. ಕುದುರೆಯನ್ನು ಮಾರಾಟಕ್ಕೆ ಬಿಡುವುದಕ್ಕಿಂತ ಕೈಯಾರೆ ಗುಂಡಿಟ್ಟು ಕೊಲ್ಲುವುದು ಮೇಲೆಂದು ಸವಾರ ಎಣಿಸುತ್ತಾನೆ. ಮೇಲಧಿಕಾರಿಗಳು ಕೇಳಿದರೆ, ಅದು ವೊಂಬ್ಯಾಟಿನ ಬಿಲದಲ್ಲಿ ಮುಗ್ಗರಿಸಿ ಬಿದ್ದು ಸತ್ತಿತು ಎಂದು ಹೇಳಿಬಿಡುವ ಯೋಚನೆ ಮಾಡುತ್ತಾನೆ. ಓದುವವರು ಇಲ್ಲಿ ಸಣ್ಣದಾಗಿ ನಕ್ಕು ಮುಂದೆ ಹೋಗುವುದೇ ಹೆಚ್ಚು. ಆದರೆ ವೊಂಬ್ಯಾಟ್ ಎಂಬುದು ನೆಲದಲ್ಲಿ ಬಿಲ ತೋಡಿ ಬಾಳುವ, ಆಸ್ಟ್ರೇಲಿಯವನ್ನು ಬಿಟ್ಟು ಬೇರೆಲ್ಲಿಯೂ ಕಾಡಿನಲ್ಲಿ ಸಿಗದ ಪ್ರಾಣಿ. ಪ್ಯಾಲೆಸ್ಟೈನಿನಲ್ಲಿ ವೊಂಬ್ಯಾಟಿನ ಬಿಲ ಎಲ್ಲಿಂದ ಬರಬೇಕು? ಯಾವ ಅಧಿಕಾರಿಯೂ ನಂಬಲಾರದ ಈ ಸುಳ್ಳು ಅಧಿಕಾರಿಗಾಗಿ ಹುಟ್ಟಿದ್ದಲ್ಲ. ಹಡಗು ಮಾಡದ ಕೆಲಸವನ್ನು ಅದು ಮಾಡುತ್ತದೆ: ಸತ್ತ ಕುದುರೆಯನ್ನು ಊರಿಗೆ ಒಯ್ದು, ಹುಟ್ಟಿದ ನೆಲದ ಗುಳಿಯೊಂದರಲ್ಲಿ ಬೀಳಿಸಿ ಸಾಯಿಸುತ್ತದೆ. ಕೂದಲೂ ಲಾಳವೂ ಇಲ್ಲದವನು ಮಾತಿನಿಂದ ಕಟ್ಟಿಕೊಂಡ ಅಭಿಜ್ಞಾನ ಇದು. ಹೋಗ್ ಇದನ್ನು ಬುದ್ಧಿಪೂರ್ವಕವಾಗಿ ಯೋಜಿಸಿದನೋ ನಾಲಗೆಗೆ ಬಂದ ಊರಿನ ಮಾತನ್ನು ಬರೆದನೋ ಎಂಬ ಚರ್ಚೆ ಅನಾವಶ್ಯಕ. ಲಾವಣಿಯ ಕವಿಗಳಿಗೆ ಇಂಥ ಭಾಗ್ಯ ಆಗಾಗ ಒದಗುತ್ತದೆ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಲೈಟ್ ಹಾರ್ಸ್ ದಳದ ಸವಾರರು ತಮ್ಮ ಕುದುರೆಗಳನ್ನು ಕಡೆಯ ಬಾರಿ ಹತ್ತಿ, ಮರಳಿನಾಚೆಗೆ ಹೋಗಿ, ಒಬ್ಬೊಬ್ಬರೂ ತಾವೇ ಕೊಂದು ಬರಿಗೈಯಲ್ಲಿ ನಡೆದು ಬಂದರೆಂಬ ಕಥೆ ಆ ದೇಶದಲ್ಲಿ ಬೇರೂರಿತು. ದಾಖಲೆಗಳನ್ನು ಶೋಧಿಸಿದ ಚರಿತ್ರಕಾರರಿಗೆ ಅಂಥ ಘಟನೆ ವ್ಯಾಪಕವಾಗಿ ನಡೆದಂತೆ ಕಂಡಿಲ್ಲ. ಯುದ್ಧಾನಂತರ ಉಳಿದಿದ್ದ ಸುಮಾರು ೧೩,೦೦೦ ಕುದುರೆಗಳಲ್ಲಿ ೧೧,೦೦೦ದಷ್ಟು ಮಾರಾಟವಾದುವು, ಬಹುಭಾಗ ಬ್ರಿಟಿಷ್ ಇಂಡಿಯದ ಸೈನ್ಯಕ್ಕೆ. ೨,೦೦೦ದಷ್ಟು ನಿರುಪಯುಕ್ತವೆಂದು ತೆಗೆದುಹಾಕಲ್ಪಟ್ಟುವು. ಪದ್ಯದೊಳಗಿನ ಸವಾರ ಕೊಲ್ಲುವ ಯೋಚನೆ ಮಾಡಿದ್ದನಷ್ಟೆ. ಕೇಳಿದ ಜನ ಯೋಚನೆಯನ್ನು ಕಾರ್ಯವನ್ನಾಗಿ ಮಾಡಿಕೊಂಡರು. ಕೊಂದೆವೆಂಬುದು ಘೋರವಾದ ಮಾತು. ಆದರೂ ಮಾರಿದರು, ತಡೆಯಲಾಗಲಿಲ್ಲ ಎಂಬುದಕ್ಕಿಂತ ಅದನ್ನು ಹೊರುವುದು ಸುಲಭ. ಕೊಂದವನಿಗೆ ಕಡೆಯ ಕ್ಷಣವಾದರೂ ತನ್ನದಾಗಿ ಉಳಿಯುತ್ತದೆ. ಕುದುರೆ ಎಲ್ಲಿಯೋ ಬದುಕಿದೆ, ಇನ್ನಾರದೋ ಕೈಯಲ್ಲಿ ಮೇಯುತ್ತಿದೆ ಎಂಬ ಅರಿವಿಗೆ ಕೊನೆಯೆಂಬುದಿಲ್ಲ.

ಪದ್ಯದ ದೋಷವೂ ಇಲ್ಲಿಯೇ ಇದೆ. ಅದನ್ನು ಮುಚ್ಚಿಡುವುದು ವಿಮರ್ಶೆಗೆ ಸಲ್ಲದು. ಕೊಲ್ಲುವುದೇ ಮೇಲೆಂದು ಸವಾರ ನಿರ್ಣಯಿಸಲು ಎರಡು ಚಿತ್ರಗಳು ಪ್ರೇರಕವಾಗುತ್ತವೆ: ಬೆನ್ನ ಮೇಲೆ ಒಬ್ಬ ಈಜಿಪ್ಟಿನವನನ್ನು ಹೊತ್ತು ಕೈರೋ ಬೀದಿಯಲ್ಲಿ ತೆವಳುವ ಕುದುರೆ, ಮರದ ನೇಗಿಲನ್ನು ಎಳೆಯುತ್ತಿರುವಾಗ ಇಂಗ್ಲಿಷ್ ಪ್ರವಾಸಿಯ ಕಣ್ಣಿಗೆ ಬೀಳುವ ಕುದುರೆ. ಆ ದೇಶದ ಮನುಷ್ಯನನ್ನು ಹೆಸರಿಸಲು ಕವಿ ಬಳಸಿದ ಶಬ್ದ ಸೈನಿಕರ ಬೈಗುಳ. ಕುದುರೆಯ ಮೇಲಣ ಪ್ರೀತಿಯಷ್ಟೇ ಅಲ್ಲಿಯ ಜನರ ಮೇಲಣ ತಾತ್ಸಾರವೂ ಈ ನಿರ್ಣಯದಲ್ಲಿ ಕೆಲಸ ಮಾಡುತ್ತಿದೆ. ನೇಗಿಲಿನ ವಿಷಯವಂತೂ ಕನ್ನಡದ ಓದುಗನಿಗೆ ಒಡನೆಯೇ ಮುಳ್ಳಿನಂತೆ ತಾಗುತ್ತದೆ. ಉಳುವುದು ಅವಮಾನವೆಂದು ಯಾವ ಊರಿನಲ್ಲಿ ಲೆಕ್ಕ? ಫಿರಂಗಿಯ ಬಾಯಿಗೆ ಓಡಿದ ಪ್ರಾಣಿ ಹೊಲಕ್ಕೆ ಇಳಿದರೆ ಅದಕ್ಕೆ ಗತಿಗೇಡಾಯಿತೆಂದು ತಿಳಿಯುವುದು ಸವಾರನ ಅಭಿಮಾನ. ಕುದುರೆಯ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಹಾಗೆಂದು ಸವಾರನ ಭಯ ನಿರಾಧಾರವಾಗಿರಲಿಲ್ಲ. ೧೯೩೦ರಲ್ಲಿ ಕೈರೋಗೆ ಬಂದ ಡೊರೊತಿ ಬ್ರೂಕ್ ಎಂಬ ಇಂಗ್ಲಿಷ್ ಮಹಿಳೆ, ಯುದ್ಧ ಮುಗಿದಾಗ ಸೈನ್ಯ ಮಾರಿಹೋಗಿದ್ದ ಕುದುರೆಗಳು ಹನ್ನೆರಡು ವರ್ಷಗಳ ತರುವಾಯವೂ ಎಲುಬು ಗೂಡಾಗಿ ಗಾಡಿಗಳನ್ನು ಎಳೆಯುತ್ತಿರುವುದನ್ನು ಕಂಡಳು. ಮರುವರ್ಷ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಬರೆದ ಅವಳ ಪತ್ರಕ್ಕೆ ಹಣ ಹರಿದುಬಂತು. ಸುಮಾರು ಐದು ಸಾವಿರ ಮುದಿ ಕುದುರೆಗಳನ್ನು ಅವಳು ಕೊಂಡಳು. ೧೯೩೪ರಲ್ಲಿ ಅಲ್ಲಿ ಸ್ಥಾಪಿಸಿದ ಆಸ್ಪತ್ರೆಯಲ್ಲಿ ಬಡವರ ಪ್ರಾಣಿಗಳಿಗೆ ಹಣವಿಲ್ಲದೆ ಚಿಕಿತ್ಸೆ ದೊರೆಯುವಂತಾಯಿತು. ಕೊಂಡಳು ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಗಾಡಿಯವನ ಹೊಟ್ಟೆಪಾಡೂ ಆ ಕುದುರೆಯ ಮೇಲೆಯೇ ನಿಂತಿದೆಯೆಂದು ತಿಳಿದವರಷ್ಟೇ ಅದಕ್ಕೆ ಬೆಲೆ ಕೊಡುತ್ತಾರೆ. ಹೋಗ್‌ನ ಪದ್ಯದಲ್ಲಿ ಬೈಗುಳದ ಮಾತಾಗಿ ನಿಂತಿದ್ದ ಮನುಷ್ಯ ಅವಳ ಲೆಕ್ಕದಲ್ಲಿ ಒಬ್ಬ ಮಾರುವವನಾದರೂ ಆದನು.

ಕುದುರೆಯ ಮೇಲಣ ಪ್ರೀತಿ ಅನ್ಯಜನರ ಮೇಲೆ ಖಡ್ಗವಾಗಿ ಎತ್ತಿದುದಕ್ಕೆ ಹಳೆಯ ಉದಾಹರಣೆಯೊಂದುಂಟು. ಅಲೆಕ್ಸಾಂಡರನ ಬ್ಯೂಸಿಫಲಸ್ ಕುದುರೆ ಕ್ರಿಸ್ತಪೂರ್ವ ೩೨೬ರಲ್ಲಿ ಝೀಲಂ ತೀರದಲ್ಲಿ, ಪೌರವನೊಡನೆ ನಡೆದ ಕಾಳಗದ ಸಂದರ್ಭದಲ್ಲಿ ಸತ್ತಿತು. ಗಾಯದಿಂದಲ್ಲ, ಸುಮಾರು ಮೂವತ್ತು ವರ್ಷದ ಮುಪ್ಪು ಮತ್ತು ಬಳಲಿಕೆಯಿಂದ ಎಂಬುದು ಆರಿಯನ್ನನ ಮತ. ಕ್ರಿಸ್ತಶಕ ಎರಡನೆಯ ಶತಮಾನದ ಆ ಗ್ರೀಕ್ ಚರಿತ್ರಕಾರ ದಂಡಯಾತ್ರೆಯ ಕಥನವನ್ನು ಒಂದು ಗಳಿಗೆ ತಡೆದು ಕುದುರೆಗಾಗಿ ಕೆಲವು ವಾಕ್ಯಗಳನ್ನು ಮೀಸಲಿಟ್ಟಿದ್ದಾನೆ. ಅದು ಅರಸನೊಡನೆ ಹಂಚಿಕೊಂಡ ಕಷ್ಟಗಳು, ಅವನೊಬ್ಬನ ಹೊರತು ಬೇರಾರನ್ನೂ ಬೆನ್ನಿಗೇರಿಸದ ಅದರ ಹಟ, ಮೈಮೇಲೆ ಎತ್ತಿನ ತಲೆಯ ಮುದ್ರೆ, ಇಷ್ಟನ್ನು ಹೇಳಿ ಅವನು ಇನ್ನೊಂದು ಸಂಗತಿಯನ್ನೂ ಸೇರಿಸುತ್ತಾನೆ: ಹಿಂದೊಮ್ಮೆ ಉಕ್ಸಿಯರ ನಾಡಿನಲ್ಲಿ ಕುದುರೆ ಕಾಣೆಯಾದಾಗ, ತಂದೊಪ್ಪಿಸದಿದ್ದರೆ ಆ ಜನರೆಲ್ಲರನ್ನೂ ಕೊಲ್ಲಿಸುವೆನೆಂದು ಅಲೆಕ್ಸಾಂಡರ್ ಸಾರಿಸಿದನಂತೆ, ಕುದುರೆ ಕೂಡಲೇ ಬಂತಂತೆ. ಆರಿಯನ್ ಇದನ್ನು ಅರಸನ ಪ್ರೀತಿಗೂ ಶತ್ರುಗಳ ಭಯಕ್ಕೂ ಸಾಕ್ಷಿಯಾಗಿ ಹೇಳುತ್ತಾನೆ. ಅವನ ದನಿಯಲ್ಲಿ ಅಳುಕಿಲ್ಲ. ಪ್ಲುಟಾರ್ಕ್ ಇದೇ ಕಥೆಯನ್ನು ಹಿರ್ಕಾನಿಯದಲ್ಲಿ ನಡೆದದ್ದಾಗಿ ಹೇಳಿ, ಕುದುರೆಯನ್ನು ತಂದವರಿಗೆ ಅಲೆಕ್ಸಾಂಡರ್ ಈಡಿನ ಹಣವನ್ನು ಕೊಟ್ಟನೆಂದು ಮುಗಿಸುತ್ತಾನೆ. ಚರಿತ್ರೆಯ ದೃಷ್ಟಿಯಿಂದ ಯಾರ ಮಾತು ಸರಿಯೋ. ಕಥೆಗಾರನಾಗಿ ಪ್ಲುಟಾರ್ಕನ ವಿವೇಕ ದೊಡ್ಡದು.

ಕುದುರೆ ಸತ್ತ ಮೇಲೆ ಅಲೆಕ್ಸಾಂಡರ್ ಮಾಡಿದ್ದು ಚಕ್ರವರ್ತಿಗೆ ಮಾತ್ರ ಸಾಧ್ಯವಾದ ಕೆಲಸ: ನದಿಯ ದಡದಲ್ಲಿ ಅದರ ಹೆಸರಿನ ಪಟ್ಟಣವನ್ನೇ ಕಟ್ಟಿಸಿದನು. ಕುರುಹೆಂದರೆ ಇದಕ್ಕಿಂತ ದೊಡ್ಡದು ಇನ್ನೇನಿರಬೇಕು? ಆದರೆ ಸೈನ್ಯ ಬಿಯಾಸ್ ನದಿಯಿಂದ ಹಿಂದಕ್ಕೆ ತಿರುಗಿ ಮತ್ತೆ ಆ ದಡಕ್ಕೆ ಬರುವಷ್ಟರಲ್ಲಿ ಮಳೆಗೆ ಪಟ್ಟಣದ ಭಾಗಗಳು ಕುಸಿದಿದ್ದುವೆಂದೂ ಅವನ್ನು ದುರಸ್ತಿ ಮಾಡಿಸಬೇಕಾಯಿತೆಂದೂ ಆರಿಯನ್ನನೇ ಬರೆದಿದ್ದಾನೆ. ಪಂಜಾಬಿನ ಮೊದಲ ಮಳೆಗಾಲವನ್ನೇ ಆ ಸ್ಮಾರಕ ತಡೆಯಲಿಲ್ಲ. ಪಟ್ಟಣವಿದ್ದ ಜಾಗ ಇದೇ ಎಂದು ನಿಶ್ಚಯಿಸಲು ವಿದ್ವಾಂಸರಿಗೆ ಇಂದಿಗೂ ಆಗಿಲ್ಲ. ಆರಿಯನ್ನನ ಕೆಲವು ವಾಕ್ಯಗಳು ಮಾತ್ರ ಎಲ್ಲಿಯೂ ಕುಸಿಯದೆ ನಿಂತಿವೆ.

ಕುರುಹು ಪೂರ್ಣವಾಗಿ ಉಳಿದ ಕಡೆ ಶೋಕಕ್ಕೆ ಏನಾಗುತ್ತದೆಂಬುದನ್ನೂ ನೋಡಬಹುದು. ಆಸ್ಟ್ರೇಲಿಯಕ್ಕೆ ಮರಳಿದ ಆ ಒಂದು ಕುದುರೆ ಸ್ಯಾಂಡಿ. ೧೯೧೫ರಲ್ಲಿ ಗಲಿಪೊಲಿಯಲ್ಲಿ ಗುಂಡೇಟಿನಿಂದ ಮಡಿದ ಸೇನಾಧಿಪತಿ ಬ್ರಿಜಸ್ ಏರುತ್ತಿದ್ದುದು. ೧೯೧೮ರ ಕೊನೆಗೆ ಮೆಲ್ಬರ್ನ್ ಸೇರಿ, ೧೯೨೩ರಲ್ಲಿ ಅದು ಕೊನೆಗಂಡ ಮೇಲೆ ತಲೆಯನ್ನೂ ಕೊರಳನ್ನೂ ಹದಮಾಡಿ ಯುದ್ಧಸ್ಮಾರಕದ ಸಂಗ್ರಹದಲ್ಲಿ ಇಟ್ಟರು; ಬಹುಕಾಲ ಪ್ರದರ್ಶಿಸಿ ಆಮೇಲೆ ಒಳಗೆ ತೆಗೆದರು. ೧೯೩೨ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಸತ್ತ ಫಾರ್ ಲ್ಯಾಪ್ ಎಂಬ ಪಂದ್ಯದ ಕುದುರೆಯ ಸ್ಥಿತಿ ಇನ್ನೂ ಸ್ಪಷ್ಟ: ಅದರ ಚರ್ಮ ಮೆಲ್ಬರ್ನಿನಲ್ಲಿ, ಹೃದಯ ಕ್ಯಾನ್‌ಬೆರದಲ್ಲಿ, ಅಸ್ಥಿಪಂಜರ ಅದು ಹುಟ್ಟಿದ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ. ಗಾಜಿನ ಪೆಟ್ಟಿಗೆಯ ಮುಂದೆ ನಿಂತವನಲ್ಲಿ ಮೊದಲು ಹುಟ್ಟುವುದು ಅದ್ಭುತ. ಕರುಣಕ್ಕೆ ಅಲ್ಲಿ ಎಡೆ ಕಡಿಮೆ. ಲಾಕ್ಷಣಿಕರ ಭಾಷೆಯಲ್ಲಿ ಹೇಳುವುದಾದರೆ ಉದ್ದೀಪನವೇ ಆಲಂಬನವನ್ನು ನುಂಗಿದೆ.

ಕುದುರೆಯೂ ವಿಯೋಗವೂ ಸೇರಿದ ಕಾವ್ಯಗಳಲ್ಲಿ ಅಶ್ವಘೋಷನ ‘ಬುದ್ಧಚರಿತ’ದ ಎಂಟನೆಯ ಸರ್ಗವನ್ನು ಹೋಗ್‌ನ ಪದ್ಯದ ಪಕ್ಕದಲ್ಲಿಟ್ಟು ಓದಿದರೆ ಅದರ ಕೊರತೆ ಏನೆಂಬುದು ಸ್ಪಷ್ಟವಾಗುತ್ತದೆ. ಇಲ್ಲಿ ಸನ್ನಿವೇಶ ತಿರುಗುಮುರುಗು: ಸವಾರ ಹೋಗಿದ್ದಾನೆ, ಕುದುರೆ ಉಳಿದಿದೆ. ಸಿದ್ಧಾರ್ಥನನ್ನು ತಪೋವನದಲ್ಲಿ ಬಿಟ್ಟು ಛಂದಕನೂ ಕಂಥಕನೂ ಕಪಿಲವಸ್ತುವಿಗೆ ಬರುತ್ತಾರೆ. ಕಂಥಕನ ಹೇಷಾರವವನ್ನು ಕೇಳಿ ಅಂತಃಪುರದ ಸ್ತ್ರೀಯರು ರಾಜಕುಮಾರ ಬಂದನೆಂದು ಕಿಟಕಿಗಳಿಗೆ ಓಡಿ, ಬರಿದಾದ ಬೆನ್ನನ್ನು ಕಂಡು ಕುಸಿಯುತ್ತಾರೆ. ಜೀವಂತ ಕುದುರೆಯೇ ಅಭಿಜ್ಞಾನ; ಅದೂ ಗಾಯಮಾಡುವ ಅಭಿಜ್ಞಾನ. ಯಶೋಧರೆಯ ಶೋಕ ಕೋಪವಾಗಿ ಕುದುರೆಯ ಮೇಲೆಯೇ ತಿರುಗುತ್ತದೆ. ಈಗ ಅರಮನೆ ತುಂಬ ಕೆನೆಯುವ ಈ ಪ್ರಾಣಿ ಆ ರಾತ್ರಿ ಮೂಕವಾಗಿತ್ತೇಕೆ, ಒಮ್ಮೆ ಕೆನೆದಿದ್ದರೆ ಜನ ಎಚ್ಚರಗೊಳ್ಳುತ್ತಿರಲಿಲ್ಲವೇ ಎಂದು ಅವಳು ಅದನ್ನು ಕಳ್ಳನಂತೆ ನಿಲ್ಲಿಸಿ ಕೇಳುತ್ತಾಳೆ. ಅವಳ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅಶ್ವಘೋಷನೂ ಹೋಗ್‌ನಂತೆ ಒಂದು ಪಕ್ಷದ ದುಃಖವನ್ನು ಹಾಡಿದವನಾಗುತ್ತಿದ್ದನು. ಅವನು ಛಂದಕನಿಗೆ ಮಾತು ಕೊಡುತ್ತಾನೆ. ದೇವಿಯು ಕಂಥಕನ ಮೇಲೂ ತನ್ನ ಮೇಲೂ ಕೋಪಿಸಬಾರದೆಂದು ಅವನು ಕೈಮುಗಿದು, ಆ ರಾತ್ರಿ ಗೊರಸಿನ ಸದ್ದೂ ಕೆನೆತವೂ ಕೇಳದಂತೆ ದೇವತೆಗಳು ತಡೆದಿದ್ದರೆಂದೂ, ಹೋದದ್ದು ತಮ್ಮಿಬ್ಬರ ವಶದಲ್ಲಿರಲಿಲ್ಲವೆಂದೂ ಬಿನ್ನವಿಸುತ್ತಾನೆ. ಇಂದಿನ ಓದುಗ ದೇವತೆಗಳನ್ನು ಒಪ್ಪಬೇಕಾಗಿಲ್ಲ. ಶೋಕ ಯಾರ ಮೇಲೆ ಎರಗಿತೋ ಅವರ ಪರವಾಗಿ ಕಾವ್ಯದೊಳಗೇ ಒಂದು ಉತ್ತರ ಹುಟ್ಟಿತೆಂಬುದು ಇಲ್ಲಿ ಮುಖ್ಯ. ಅದರಿಂದ ಯಶೋಧರೆಯ ದುಃಖ ಕಿರಿದಾಗಲಿಲ್ಲ. ಆರೋಪ ಬಿದ್ದುಹೋದ ಮೇಲೆ ಅವಳ ಕೈಯಲ್ಲಿ ಉಳಿದದ್ದು ದುಃಖವೊಂದೇ. ಹೋಗ್‌ನ ಕೈರೋದಲ್ಲಿ ಛಂದಕನಿಲ್ಲ. ಕುದುರೆಯನ್ನು ಕೊಳ್ಳಲಿದ್ದ ಗಾಡಿಯವನಿಗೂ ನೇಗಿಲಿನವನಿಗೂ ಒಂದು ಸಾಲು ಸಿಕ್ಕಿದ್ದರೆ ಆ ಲಾವಣಿ ಎಲ್ಲಿಗೆ ಏರುತ್ತಿತ್ತೋ ಊಹಿಸಬಹುದು.

ಈ ಅಶ್ವಗಳ ಕಥೆಯ ಒಂದು ಕೊನೆ ಕನ್ನಡಿಗರ ಮನೆಯ ಹತ್ತಿರವೂ ಬರುತ್ತದೆ. ಆ ಸವಾರರು ಅತ್ತ ಕುದುರೆಗಳಲ್ಲಿ ಬಹಳಷ್ಟು ಈ ದೇಶದ ಸೈನ್ಯದಲ್ಲಿಯೇ ದುಡಿದು ಸತ್ತುವು. ಅದೇ ಪ್ಯಾಲೆಸ್ಟೈನಿನಲ್ಲಿ, ೧೯೧೮ರ ಸೆಪ್ಟೆಂಬರ್ ೨೩ರಂದು, ಹೈಫಾ ಪಟ್ಟಣವನ್ನು ಹಿಡಿದವರು ಜೋಧಪುರ ಮತ್ತು ಮೈಸೂರು ಲಾನ್ಸರುಗಳು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಕಡೆಗೆ ಕುದುರೆ ಹತ್ತಿಸಿದ ಪಡೆ ಮೈಸೂರಿನದು. ಕುದುರೆಗಳು ಬಿದ್ದುದನ್ನು ಯುದ್ಧದ ವರದಿಗಳು ಸಂಖ್ಯೆಯಲ್ಲಿ ಹೇಳಿ ಮುಗಿಸುತ್ತವೆ. ದೆಹಲಿಯ ತೀನ್ ಮೂರ್ತಿ ಚೌಕದಲ್ಲಿ, ೨೦೧೮ರಿಂದ ಅದರ ಹೆಸರಿಗೆ ಹೈಫಾ ಎಂಬುದೂ ಸೇರಿದೆ, ಹೈದರಾಬಾದು, ಜೋಧಪುರ, ಮೈಸೂರುಗಳ ರಾವುತರ ಮೂರು ಕಂಚಿನ ಪ್ರತಿಮೆಗಳಿವೆ. ದೆಹಲಿಯ ಕನ್ನಡಿಗರಲ್ಲಿ ಆ ದಾರಿಯಲ್ಲಿ ದಿನವೂ ಓಡಾಡುವವರು ಕಡಿಮೆಯಿರಲಾರರು. ಮೂವರೂ ಕುದುರೆ ಸವಾರರೇ. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಶಿಲ್ಪಿ ಕುದುರೆಯನ್ನು ಮಾಡಲಿಲ್ಲ.

ಕನ್ನಡನಾಡಿಗೆ ಈ ಬಗೆಯ ನೆನಪು ಹೊಸದಲ್ಲ. ಹತ್ತನೆಯ ಶತಮಾನದಲ್ಲಿ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗ ಮೆಚ್ಚಿದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಎರಡೂ ಸತ್ತುವು. ಆತಕೂರಿನ ಕಲ್ಲಿನಲ್ಲಿ ನಾಯಿಯ ಹೆಸರಿದೆ, ಹಂದಿಯನ್ನು ಎದುರಿಸಿ ನಿಂತ ಅದರ ಚಿತ್ರವೂ ಇದೆ. ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದಿರುವ ಆ ಕಲ್ಲಿನ ಮುಂದೆ ನಿಂತು ಓದುವವನಿಗೆ ಕಾಳಿಯ ಒಂದು ಕೂದಲೂ ಬೇಕೆನಿಸುವುದಿಲ್ಲ. ಕಾರ್ಮೆಲ್ಲಿನ ಇಳಿಜಾರಿನಲ್ಲಿ ಬಿದ್ದ ಮೈಸೂರಿನ ಕುದುರೆಗಳಿಗೂ ಅವನ್ನು ದಿನವೂ ಮಾಲಿಶು ಮಾಡಿ ಹುರುಳಿ ತಿನ್ನಿಸಿದವರು ಇಟ್ಟ ಹೆಸರುಗಳಿದ್ದಿರಬೇಕು. ತೀನ್ ಮೂರ್ತಿಯ ಪೀಠದಲ್ಲಿ ಅವು ಇಲ್ಲ.